ಶೇಖರಪ್ಪ ಕಟ್ಟಿದ ಕೆಂಪು ಚೀಟಿ

ತೊಂಬತ್ತರ ದಶಕದಲ್ಲಿ ಲಂಡನ್ನಿನ ಹೌನ್ಸ್ಲೋ ಕಡೆಯ ಕನ್ನಡದ ಮನೆಗಳಲ್ಲಿ ಬಾಯ್ಲರ್ ಕೆಟ್ಟರೆ ಜನ ಫೋನ್ ಮಾಡುತ್ತಿದ್ದುದು ಶೇಖರಪ್ಪನಿಗೆ. ಅವನು ಬಂದು ಹೋದ ಮೇಲೆ ಬೈದುಕೊಳ್ಳುತ್ತಿದ್ದುದೂ ಅವನನ್ನೇ. ಕೆಟ್ಟಿದ್ದನ್ನಷ್ಟೇ ಸರಿಮಾಡಿ, ಚಹಾ ಕುಡಿದು ಹೋಗುವ ಜಾಯಮಾನ ಅವನದಲ್ಲ. ಅಡುಗೆಮನೆಯ ಗೋಡೆಯಲ್ಲಿ ಗಾಳಿಗೆಂದು ಬಿಟ್ಟ ಕಿಂಡಿಗೆ ಚಳಿ ತಡೆಯಲಾರದೆ ಯಾರಾದರೂ ಹಳೆಯ ಪೇಪರು ತುರುಕಿದ್ದರೆ ಅದನ್ನು ಕಿತ್ತು ಮನೆಯೊಡತಿಯ ಕೈಗೇ ಕೊಡುತ್ತಿದ್ದ. "ಇನ್ನೊಮ್ಮೆ ತುರುಕಿದ್ರ ಗ್ಯಾಸ್ ಬಂದ್ ಮಾಡಿ ಹೋಗ್ತೀನಿ ನೋಡ್ರಿ" ಎಂದು ಮುಖ ನೋಡದೆ ಹೇಳುತ್ತಿದ್ದ. ಹಿಂದಿನಿಂದ ಅವನಿಗೆ ಕಾಯ್ದೆ ಶೇಖರಪ್ಪ ಎಂದು ಹೆಸರಿತ್ತು. ಆ ಹೆಸರು ಅವನ ಕಿವಿಗೂ ಬಿದ್ದಿತ್ತು. ಅದರಿಂದ ಅವನಿಗೆ ಬೇಸರವೇನೂ ಆಗಿರಲಿಲ್ಲ.

ಊರು ಬೆಟಗೇರಿ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಕೆಲಸ ಕಲಿತಿದ್ದ. ಲಂಡನ್ನಿನಲ್ಲಿ ನರ್ಸ್ ಆಗಿದ್ದ ಅಂಬುಜಾಳನ್ನು ಮದುವೆಯಾಗಿ ಎಂಬತ್ತೊಂದರಲ್ಲಿ ಇಲ್ಲಿಗೆ ಬಂದಾಗ ಹುಬ್ಬಳ್ಳಿಯ ಸರ್ಟಿಫಿಕೇಟನ್ನು ಯಾರೂ ಬಿಡಿಸಿ ಕೂಡ ನೋಡಲಿಲ್ಲ. ನಾಲ್ಕು ವರ್ಷ ಹೀಥ್ರೋ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಎತ್ತಿ ಹಾಕುತ್ತ, ಸಂಜೆ ಕಾಲೇಜಿನಲ್ಲಿ ಗ್ಯಾಸ್ ಕೆಲಸ ಕಲಿತ. ಆಮೇಲೆ ಒಬ್ಬ ಐರಿಷ್ ಮುದುಕನ ಕೈಕೆಳಗೆ ಪಳಗಿದ. ಒಮ್ಮೆ ಆ ಮುದುಕ ಅವನನ್ನು ಆಕ್ಟನ್ನಿನ ಒಂದು ಫ್ಲ್ಯಾಟಿಗೆ ಕರೆದೊಯ್ದ. ಪೊಲೀಸರು ಬಾಗಿಲು ಒಡೆದಿದ್ದರು. ಕುರ್ಚಿಯಲ್ಲಿ ಒಬ್ಬ ವೃದ್ಧ ಕೂತಿದ್ದ. ಕೆನ್ನೆ ಈಗಷ್ಟೇ ತಿರುಗಾಡಿ ಬಂದವನ ಹಾಗೆ ಕೆಂಪಗಿತ್ತು. ಸತ್ತು ಎರಡು ದಿನವಾಗಿತ್ತು. ಗೀಸರಿನ ಹೊಗೆ ಕೊಳವೆಯೊಳಗೆ ಹಕ್ಕಿ ಗೂಡು ಕಟ್ಟಿದ್ದರಿಂದ ವಿಷಗಾಳಿ ಕೋಣೆಗೇ ತಿರುಗಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ವರ್ಷದ ತಪಾಸಣೆಗೆ ಬಂದಿದ್ದವನು ಕೊಳವೆ ಬಿಚ್ಚದೆಯೇ ಎಲ್ಲ ಸರಿ ಇದೆ ಎಂದು ಸಹಿ ಹಾಕಿ ಹೋಗಿದ್ದ. "ನೋಡದಿದ್ದುದನ್ನು ನೋಡಿದೆ ಅಂತ ಎಂದೂ ಬರೀಬೇಡ," ಎಂದು ಐರಿಷ್ ಮುದುಕ ಹೇಳಿದ. ಶೇಖರಪ್ಪ ಹದಿನೈದು ವರ್ಷ ಹಾಗೆ ಬರೆಯಲಿಲ್ಲ.

ತೊಂಬತ್ತೊಂಬತ್ತರ ಅಕ್ಟೋಬರಿನಲ್ಲಿ ರುದ್ರೇಶ ಫೋನ್ ಮಾಡಿದ. ಬೆಳಗಾವಿ ಕಡೆಯವನು, ವಿಮಾನ ನಿಲ್ದಾಣದ ಹತ್ತಿರ ಸರಕು ಸಾಗಿಸುವ ಕಂಪನಿಯಲ್ಲಿ ಮೇಲ್ವಿಚಾರಕ. ಹೆಂಡತಿ ಗುರುದೇವಿ ವಿಮಾನಗಳಿಗೆ ಊಟ ಕಳಿಸುವ ಅಡುಗೆಮನೆಯಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದಳು. ಎಂಟು ವರ್ಷದ ಮಗಳು ಅಂಕಿತಾ. ಹೌನ್ಸ್ಲೋ ವೆಸ್ಟಿನಲ್ಲಿ ಮೂರು ಮಲಗುವ ಕೋಣೆಗಳ ಮನೆ, ಪಕ್ಕದ ಗೋಡೆಗೆ ಅಂಟಿಕೊಂಡಂತೆ ಗ್ಯಾರೇಜು. ಕಾರು ರಸ್ತೆಯಲ್ಲೇ ನಿಲ್ಲುತ್ತಿತ್ತು. ರುದ್ರೇಶ ಗ್ಯಾರೇಜಿನ ದೊಡ್ಡ ಬಾಗಿಲು ತೆಗೆಸಿ ಗೋಡೆ ಕಟ್ಟಿಸಿದ್ದ. ಒಳಗೆ ಹಲಗೆ ಹೊಡೆಸಿ ಬಣ್ಣ ಬಳಿಸಿದ್ದ. ಮೂಲೆಯಲ್ಲಿ ಗ್ಯಾಸ್ ಮೀಟರು, ಪಕ್ಕದಲ್ಲಿ ನೀರಿನ ನಲ್ಲಿ, ನಡುವೆ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಹಳೆಯ ಗ್ಯಾಸ್ ಗೀಸರು.

"ಫೆಲ್ಟಮ್ಮಿನಾಗ ಒಂದ ಸಲೂನ್ ಮುಚ್ಚಿದ್ರು, ಅಲ್ಲಿಂದ ತಂದೇನ್ರಿ ಅಣ್ಣಾರ," ಎಂದ ರುದ್ರೇಶ. "ಛಲೋ ಐತಿ. ಇದರ ಬಿಸಿನೀರು ಎರಡು ರೇಡಿಯೇಟರಿಗೆ ತಿರುಗಿಸಿಬಿಟ್ರ ಗ್ಯಾರೇಜು ಬೆಚ್ಚಗಾಗ್ತೈತಿ. ಮನೀ ಬಾಯ್ಲರ್ ಮೊದಲ ಮುದುಕ ಆಗೈತಿ, ಅದಕ್ಕ ಇನ್ನೂ ಎರಡು ರೇಡಿಯೇಟರ್ ಹೊರಸೂದು ಬ್ಯಾಡ ಅಂತ."

"ಗ್ಯಾರೇಜಿನಾಗ ಏನು ಮಾಡಾವ್ರು?"

"ಅಂಕಿತಾ ಭರತನಾಟ್ಯ ಕಲಿಯಾಕತ್ತಾಳ. ಪ್ರ್ಯಾಕ್ಟೀಸಿಗೆ ಒಂದ ಜಾಗಾ ಬೇಕಲ್ರಿ."

ಶೇಖರಪ್ಪ ಮೊಣಕಾಲೂರಿ ಗೀಸರನ್ನು ತಿರುಗಿಸಿ ನೋಡಿದ. ಎದ್ದು, ಇದು ನಡೆಯುವುದಿಲ್ಲ ಎಂದ.

"ಇದು ಕೋಣೆಯೊಳಗಿನ ಗಾಳೀನ ತಗೊಂಡು ಉರೀತೈತಿ. ನೀವು ಚಳೀಗೆ ಕಿಡಕಿ ಬಾಗಿಲಾ ಮುಚ್ಚತೀರಿ. ಇದಕ್ಕ ಉಸಿರ ಸಾಲಲಿಲ್ಲಂದ್ರ ಹೊಗಿ ಒಳಗ ಬರ್ತೈತಿ. ಮೂಲ್ಯಾಗ ಹುಲ್ಲ ಕೊಯ್ಯೂ ಮಷೀನು, ಪೆಟ್ರೋಲ್ ಡಬ್ಬಿ ಬ್ಯಾರೆ ಇಟ್ಟೀರಿ. ಪೆಟ್ರೋಲಿನ ಆವಿ ನೆಲಾ ಹಿಡಕೊಂಡ ಹರೀತೈತ್ರಿ, ಬೆಂಕಿ ಕಂಡಲ್ಲೆ ಹತ್ತತೈತಿ."

"ಡಬ್ಬಿ ತಗೀತೀನಿ. ಒಂದ ಕಿಂಡಿ ಕೊರದ್ರ ಆಗೂದಿಲ್ಲೇನು?"

"ಕೊರೀತೀರಿ. ಡಿಸೆಂಬರಿನಾಗ ನೀವ ಅದಕ್ಕ ಪೇಪರ್ ತುರುಕತೀರಿ."

ಬೇಕಾದರೆ ಮಾಡಿಸಿ, ಇಲ್ಲದಿದ್ದರೆ ಬೇರೆಯವರನ್ನು ಕರೆಯಿರಿ ಎಂದು ಶೇಖರಪ್ಪ ಬೇರೊಂದು ಮಾದರಿ ಹೇಳಿದ. ಅದರ ಬೆಂಕಿ ಮುಚ್ಚಿದ ಪೆಟ್ಟಿಗೆಯೊಳಗೆ ಉರಿಯುತ್ತದೆ. ಗೋಡೆ ತೂರಿ ಹೋದ ಜೋಡಿ ಕೊಳವೆಯಲ್ಲಿ ಹೊರಗಿನ ಗಾಳಿಯನ್ನು ಎಳೆದುಕೊಂಡು ಹೊಗೆಯನ್ನು ಹೊರಗೇ ಬಿಡುತ್ತದೆ. ಕೋಣೆಯ ಗಾಳಿಗೂ ಅದಕ್ಕೂ ಸಂಬಂಧವಿಲ್ಲ. ರುದ್ರೇಶ ಎರಡು ವಾರ ಸುಮ್ಮನಿದ್ದು, ಬೇರೆ ಇಬ್ಬರನ್ನು ಕೇಳಿ ನೋಡಿ, ಕೊನೆಗೆ ಒಪ್ಪಿದ.

ಕೆಲಸ ನಾಲ್ಕು ದಿನ ಹಿಡಿಯಿತು. ಗೀಸರನ್ನು ನೆಲದಿಂದ ಎತ್ತರಕ್ಕೆ ಗೋಡೆಗೆ ಬಿಗಿದ. ಹೊಗೆಯ ಬಾಯಿ ಹೊರಗೋಡೆಯಲ್ಲಿ ಕಿಟಕಿಯಿಂದ ದೂರ ಬರುವಂತೆ ಅಳೆದು ಅಳೆದು ಕೊರೆದ. ನಲ್ಲಿಗೆ ಹೋಗುವ ನೀರು ಬೇರೆ, ರೇಡಿಯೇಟರಿನಲ್ಲಿ ಸುತ್ತುವ ನೀರು ಬೇರೆ. ಎರಡೂ ಒಂದನ್ನೊಂದು ಮುಟ್ಟದೆ ಬಿಸಿ ಮಾತ್ರ ದಾಟುವಂತೆ ನಡುವೆ ತಾಮ್ರದ ತಗಡುಗಳ ಡಬ್ಬಿ ಕೂರಿಸಿದ. ರೇಡಿಯೇಟರಿನಲ್ಲಿ ತಿಂಗಳುಗಟ್ಟಲೆ ಕೊಳೆತ ನೀರು ಮಗುವಿನ ಕೈ ತೊಳೆಯುವ ನಲ್ಲಿಗೆ ಬರಬಾರದಲ್ಲ. ಒತ್ತಡ ಹೆಚ್ಚಾದರೆ ಬಿಸಿನೀರು ಹೊರಗಿನ ಮೋರಿಗೆ ಹಾರುವಂತೆ ಪೈಪು ಎಳೆದ. ವಿಷಗಾಳಿ ಬಂದರೆ ಕೂಗುವ ಅಲಾರಮ್ಮನ್ನು ಆಳೆತ್ತರದಲ್ಲಿ ಹಾಕಿದ. ಕೊನೆಗೆ ಕೊಳವೆಗೆ ಹೊಗೆ ಅಳೆಯುವ ಯಂತ್ರ ಹಿಡಿದು ಅಂಕಿ ನೋಡಿ, ಬರೆದು, ಸಹಿ ಮಾಡಿದ. ನವೆಂಬರಿನ ಆ ಸಂಜೆ ಹೊರಗೆ ಬಾಯಿಂದ ಹಬೆ ಬರುತ್ತಿತ್ತು, ಗ್ಯಾರೇಜಿನೊಳಗೆ ಅಂಗಿ ತೋಳು ಮಡಿಸುವಷ್ಟು ಹಿತವಾಗಿತ್ತು. ಅಷ್ಟು ಚೊಕ್ಕ ಕೆಲಸ ತಾನು ಬಹಳ ದಿನದಿಂದ ಮಾಡಿಲ್ಲ ಎನಿಸಿತು. ಮನೆಗೆ ಬಂದು ಅಂಬುಜಾಳಿಗೆ ಪೈಪುಗಳ ನಕ್ಷೆ ಬರೆದು ತೋರಿಸಿದ. ಅವಳು ಪಾಳಿ ಮುಗಿಸಿ ಬಂದಿದ್ದಳು, ಆಕಳಿಸುತ್ತ ನೋಡಿದಳು.

ಮರುವರ್ಷ ತಪಾಸಣೆಗೆ ಹೋದಾಗ ಅಂಕಿತಾ ಬಾಗಿಲು ತೆರೆದಳು.

"ಡ್ಯಾಡ್ ಈಸ್ ಅಟ್ ವರ್ಕ್. ಗ್ರ್ಯಾನ್ ಈಸ್ ಇನ್ ಹರ್ ರೂಮ್," ಎಂದು, ಅಜ್ಜಿ ಅಲ್ಲಿದ್ದಾಳೆ ಎನ್ನುವಂತೆ ಗ್ಯಾರೇಜಿನ ಕಡೆ ಕೈ ಮಾಡಿದಳು.

ಮನೆಗೂ ಗ್ಯಾರೇಜಿಗೂ ನಡುವೆ ಬಾಗಿಲಿರಲಿಲ್ಲ. ಹಿತ್ತಲಿಗೆ ಹೋಗಿ, ಪಕ್ಕದ ಕಿರುದಾರಿಯಲ್ಲಿ ನಡೆದು, ಸಣ್ಣ ಬಾಗಿಲು ತಟ್ಟಬೇಕಿತ್ತು. ತೆರೆದವಳು ಐವತ್ತೈದು ದಾಟಿದ ಹೆಂಗಸು, ಇಳಕಲ್ ಸೀರೆಯ ಮೇಲೆ ರುದ್ರೇಶನ ಹಳೆಯ ಸ್ವೆಟರು, ಹಣೆಯಲ್ಲಿ ವಿಭೂತಿ. ರುದ್ರೇಶನ ತಂದೆಯ ತಂಗಿ ಪಾರ್ವತೆವ್ವ. ಗಂಡ ಸತ್ತು ಹನ್ನೆರಡು ವರ್ಷ, ಮಕ್ಕಳಿಲ್ಲ. ತಾಳಿಕೋಟೆಯಲ್ಲಿ ಮೈದುನನ ಮನೆಯಲ್ಲಿದ್ದವಳನ್ನು ಅಂಕಿತಾಳನ್ನು ನೋಡಿಕೊಳ್ಳಲೆಂದು ಕಳೆದ ಡಿಸೆಂಬರಿನಲ್ಲಿ ಕರೆಸಿದ್ದರು. ಎಂದರೆ ಅವನು ಕೆಲಸ ಮುಗಿಸಿದ ಮರುತಿಂಗಳು.

"ನೀವ ಏನ್ರಿ ಇದನ್ನ ಮಾಡಿದವ್ರು?" ಎಂದು ಅವಳು ಗೀಸರಿನ ಕಡೆ ನೋಡಿದಳು. "ಪುಣ್ಯಾ ಬರ್ಲಿ ನಿಮಗ. ನಲ್ಲಿ ತಿರುವಿದ್ರ ಬಿಸಿನೀರು. ನಮ್ಮೂರಾಗ ಒಂದ ಹಂಡೆ ಕಾಸಾಕ ಹೊಗ್ಯಾಗ ಕಣ್ಣ ಕಳಕೋತಿದ್ದಿವಿ."

ಗೋಡೆಗೆ ಕಬ್ಬಿಣದ ಮಂಚ, ಅದರ ಕೆಳಗೆ ತಗಡಿನ ಟ್ರಂಕು, ರೇಡಿಯೇಟರಿನ ಮೇಲೆ ಒಣಗಲು ಹಾಕಿದ ಕುಪ್ಪಸ. ಕಿಟಕಿಯ ಅಂಚಿನಲ್ಲಿ ಪೂಜೆಯ ಸಾಮಾನು. ಬಾಗಿಲ ಹಿಂದೆ ಮುಚ್ಚಳವಿದ್ದ ಒಂದು ಬಕೆಟ್. ಶೇಖರಪ್ಪನ ಕಣ್ಣು ಅದರ ಮೇಲೆ ನಿಂತದ್ದನ್ನು ಕಂಡು ಅವಳು ಸಹಜವಾಗಿ ಹೇಳಿದಳು: "ಹತ್ತರ ಮ್ಯಾಲೆ ಮನೀ ಬಾಗಲಾ ಹಾಕಿ ಕಳ್ಳರ ಗಂಟಿ ಹಚ್ಚತಾರ. ತಗದ್ರ ಓಣಿ ತುಂಬ ಬಡಕೋತೈತಿ. ಅದಕ್ಕ ರಾತ್ರಿ ಎದ್ರ ಬೇಕಂತ ಇದನ್ನ ಇಟಗೊಂಡೇನಿ."

ಅವನು ಗೀಸರಿನ ಪೆಟ್ಟಿಗೆ ಬಿಚ್ಚಿದ. ಬೆಂಕಿ ನೀಲಿಯಾಗಿತ್ತು. ಸೀಲು, ಪಂಪು, ಒತ್ತಡ, ಅಲಾರಮ್ಮು ಎಲ್ಲವೂ ಇರಬೇಕಾದಂತೆ ಇದ್ದವು. ಕೋಣೆಯ ಗಾಳಿಯಿಂದ ಉರಿಯುವ ಆ ಸಲೂನಿನ ಗೀಸರು ಇದ್ದಿದ್ದರೆ ಮನುಷ್ಯರು ಮಲಗುವ ಕಡೆ ಅದು ಕಾನೂನಿಗೆ ವಿರುದ್ಧ ಎಂದು ಅಲ್ಲೇ ಬಂದ್ ಮಾಡಬಹುದಿತ್ತು. ಇದನ್ನು ಮಲಗುವ ಕೋಣೆಯಲ್ಲೂ ಇಡಬಹುದು. ಇದೇ ಆಗಬೇಕೆಂದು ಹಟ ಹಿಡಿದವನು ತಾನು. ಅವಳು ಚಿಕ್ಕ ಕರೆಂಟಿನ ಒಲೆಯ ಮೇಲೆ ಚಹಾ ಕಾಸಿ, ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಕೊಟ್ಟಳು. ಅವನು ನಿಂತೇ ತಿಂದ.

ಹೊರಡುವಷ್ಟರಲ್ಲಿ ರುದ್ರೇಶ ಬಂದ. ಶೇಖರಪ್ಪ ಅವನನ್ನು ಕಿರುದಾರಿಯಲ್ಲೇ ನಿಲ್ಲಿಸಿದ.

"ನನಗ ಡಾನ್ಸಿಗೆ ಅಂತ ಹೇಳಿದ್ರಿ."

"ಆಮ್ಯಾಲೆ ಅತ್ತಿ ಬಂದ್ಲಲ್ರಿ."

"ಮನ್ಯಾಗ ಮೂರ ಕೋಣಿ ಅದಾವ."

"ಒಂದ್ರಾಗ ನಾವು, ಒಂದ್ರಾಗ ಅಂಕಿತಾ, ಒಂದ್ರಾಗ ಕಂಪ್ಯೂಟರು, ನನ್ನ ಆಫೀಸಿನ ಕಾಗದಾ. ಅಲ್ರಿ ಅಣ್ಣಾರ, ಒಳಗಿನಕಿಂತ ಅಲ್ಲೆ ಬೆಚ್ಚಗ ಐತಿ, ನಿಮಗ ಗೊತ್ತಿಲ್ಲೇನು?" ರುದ್ರೇಶನ ದನಿಯಲ್ಲಿ ಸಿಟ್ಟಿರಲಿಲ್ಲ. "ಅಲ್ಲೆ ಮನುಷ್ಯಾರು ಮಲಗಿದ್ರ ಏನರೆ ಧೋಕಾ ಐತೇನು, ಹೇಳ್ರಿ."

"ಗ್ಯಾಸಿನಿಂದ ಇಲ್ಲ."

"ಮತ್ಯಾವದರಿಂದ ಐತಿ?"

ಶೇಖರಪ್ಪ ತಪಾಸಣೆಯ ಕಾಗದಕ್ಕೆ ಸಹಿ ಹಾಕಿ ಕೊಟ್ಟು ವ್ಯಾನು ಹತ್ತಿದ.

ಆ ಚಳಿಗಾಲವೆಲ್ಲ ಅವನು ಅದನ್ನೇ ಮೆಲುಕು ಹಾಕಿದ. ಇಲ್ಲಿನ ಪುರಸಭೆಯಾದ ಕೌನ್ಸಿಲಿಗೆ ದೂರು ಕೊಡಬಹುದು, ಗ್ಯಾರೇಜಿನಲ್ಲಿ ಜನರನ್ನು ಇಡಲು ಅನುಮತಿ ಬೇಕು ಎಂದು ಅಂಬುಜಾಳಿಗೆ ಹೇಳಿದ. ಅವಳು ಬೇಡವೆಂದು ತಲೆಯಾಡಿಸಿದಳು.

"ಆಕಿ ಆರು ತಿಂಗಳ ವೀಸಾದ ಮ್ಯಾಲೆ ಬಂದಾಕಿ. ಅದು ಮುಗದು ಯಾವ ಕಾಲಾತು. ಕೌನ್ಸಿಲಿನವರು ಬಂದು ಬರಕೊಂಡು ಹೋದ್ರ ರುದ್ರೇಶಗ ದಂಡಾ ಬೀಳ್ತೈತಿ, ಆಕೀನ ವಿಮಾನಾ ಹತ್ತಸ್ತಾರ. ನಿಮ್ಮ ಸಿಟ್ಟು ಯಾರ ಮ್ಯಾಲೆ ಐತಿ, ಮೊದಲ ಅದನ್ನ ನೋಡ್ರಿ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಶೇಖರಪ್ಪ ದೂರು ಕೊಡಲಿಲ್ಲ. ಆದರೆ ಹೌನ್ಸ್ಲೋ ವೆಸ್ಟಿನ ಕಡೆ ಕೆಲಸ ಬಿದ್ದಾಗಲೆಲ್ಲ ಆ ಬೀದಿ ತಪ್ಪಿಸಿ ಸುತ್ತುಹಾಕಿ ಹೋಗುತ್ತಿದ್ದ.

ಎರಡು ಸಾವಿರದ ಒಂದನೇ ಇಸವಿಯ ನವೆಂಬರಿನಲ್ಲಿ ಮತ್ತೆ ತಪಾಸಣೆ ಬಂತು. ಪಾರ್ವತೆವ್ವ ಬಾಗಿಲು ತೆರೆದದ್ದು ಬಲಗೈಯಲ್ಲಿ. ಎಡಗೈಗೆ ಮೊಣಕೈವರೆಗೂ ಪ್ಲಾಸ್ಟರಿತ್ತು.

"ನಸಿಕಿನ್ಯಾಗ ಬಕೆಟ್ ತಗೊಂಡ ಹೊಂಟಿದ್ನಿ. ತೊಯ್ದ ಎಲಿ ಮ್ಯಾಲೆ ಕಾಲ ಜಾರ್ತು," ಎಂದಳು. ಎರಡು ದಿನ ಅರಿಶಿನ ಕಟ್ಟಿಕೊಂಡೇ ಇದ್ದಳಂತೆ. ಊತ ಇಳಿಯದಾಗ ಗುರುದೇವಿ ಪಾಳಿ ಬಿಟ್ಟು ಆಸ್ಪತ್ರೆಗೆ ಕರೆದೊಯ್ದಿದ್ದಳು.

ಶೇಖರಪ್ಪ ಗೀಸರಿನ ಮುಂದೆ ನಿಂತ. ಚೀಲದಿಂದ ಸ್ಕ್ರೂಡ್ರೈವರ್ ತೆಗೆದ, ಹಾಗೇ ಒಳಗಿಟ್ಟ. ಪೆಟ್ಟಿಗೆ ಬಿಚ್ಚಲಿಲ್ಲ. ನೋಟೀಸಿನ ಪುಸ್ತಕ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಬರೆದ: ಹೊಗೆ ಕೊಳವೆಯ ಸೀಲು ಒಡೆದಿದೆ, ಕೋಣೆಯೊಳಕ್ಕೆ ಸೋರಿಕೆ, ತಕ್ಷಣದ ಅಪಾಯ. ಗ್ಯಾಸಿನ ಕೊಳವೆ ಕಳಚಿ ಬಾಯಿಗೆ ಮುಚ್ಚಳ ಬಿಗಿದು ಗೀಸರಿಗೆ ಕೆಂಪು ಚೀಟಿ ಕಟ್ಟಿದ. ಆ ಚೀಟಿ ಕಟ್ಟಿದ ಮೇಲೆ ನೋಂದಣಿಯಿದ್ದ ಇನ್ನೊಬ್ಬ ಫಿಟ್ಟರ್ ಸರಿಮಾಡುವ ತನಕ ಯಾರೂ ಮುಟ್ಟುವಂತಿಲ್ಲ.

"ಏನಾತ್ರಿ?" ಎಂದು ಪಾರ್ವತೆವ್ವ ಕೇಳಿದಳು.

"ಇಲ್ಲೆ ಮಲಗೂದು ಸುರಕ್ಷಿತ ಅಲ್ರಿ ಅಕ್ಕಾರ. ಇವತ್ತಿನಿಂದ ಒಳಗ ಮಲಗ್ರಿ."

ಗುರುದೇವಿ ಅಡುಗೆಮನೆಯಲ್ಲಿ ಕೆಲಸದ ಬಿಳಿಯ ಅಂಗಿ ತೊಟ್ಟು ಹೊರಡಲು ನಿಂತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ನೋಟೀಸನ್ನು ಎರಡು ಸಲ ಓದಿದಳು. "ಹ್ವಾದ ವರ್ಷ ನೀವ ಎಲ್ಲಾ ಸರಿ ಐತಿ ಅಂದಿದ್ರಿ," ಎಂದಳು.

"ಹ್ವಾದ ವರ್ಷ ಸರಿ ಇತ್ತು."

"ಎಷ್ಟ ದಿನಾ ಹಿಡೀತೈತಿ?"

"ಆ ಸೀಲು ಸಿಗೂದಿಲ್ಲ. ಆ ಕೋಣೀನ ಮರತ ಬಿಡ್ರಿ."

ಅವಳು ಸಹಿ ಹಾಕಿದಳು. ಶೇಖರಪ್ಪ ಹೋಗಿ ವ್ಯಾನಿನಲ್ಲಿ ಕೂತ. ಹೆದರಿಕೆಯ ಜೊತೆಗೆ ಒಂಥರದ ಸಂತೋಷವೂ ಇತ್ತು. ಇಷ್ಟು ವರ್ಷದ ಕಾಯ್ದೆ ಒಬ್ಬ ಹೆಂಗಸಿಗಾದರೂ ಉಪಯೋಗಕ್ಕೆ ಬಂತು ಎಂದುಕೊಂಡ.

ಪಾರ್ವತೆವ್ವ ಒಳಗೆ ಹೋದದ್ದು ನಿಜ. ಸೋಫಾದ ಹಿಂದೆ ನೆಲದ ಮೇಲೆ ಹಾಸಿಗೆ ಹಾಕಿಕೊಟ್ಟರು. ಕಂಪ್ಯೂಟರಿನ ಕೋಣೆ ಕಂಪ್ಯೂಟರಿಗೇ ಉಳಿಯಿತು. ಹನ್ನೊಂದನೇ ದಿನ ರುದ್ರೇಶ ಟ್ವಿಕನಮ್ಮಿನಿಂದ ಒಬ್ಬ ಇಂಗ್ಲಿಷ್ ಫಿಟ್ಟರನ್ನು ಕರೆಸಿದ. ಅವನು ಗೀಸರು ಬಿಚ್ಚಿ ನೋಡಿ, ಸೀಲು ಹೊಸದರಂತಿದೆ ಎಂದ. ಮುಚ್ಚಳದ ಸ್ಕ್ರೂಗಳ ಮೇಲೆ ಒಂದು ವರ್ಷದ ಧೂಳು ಹಾಗೇ ಕೂತಿತ್ತು, ನಾನು ಬಿಚ್ಚುವ ಮೊದಲು ಯಾರೂ ಬಿಚ್ಚಿಲ್ಲ ಎಂದು ಕಾಗದದಲ್ಲಿ ಬರೆದು ಕೊಟ್ಟ. ರುದ್ರೇಶ ಆ ಕಾಗದವನ್ನು ಗ್ಯಾಸ್ ಫಿಟ್ಟರುಗಳಿಗೆ ಕಾರ್ಡು ಕೊಡುವ ನೋಂದಣಿಯವರಿಗೆ ಕಳಿಸಿದ.

ಜನವರಿಯಲ್ಲಿ ಇನ್‌ಸ್ಪೆಕ್ಟರು ಬಂದ. ತೆಳ್ಳಗಿನ, ಸೌಮ್ಯ ಮಾತಿನ ಮನುಷ್ಯ. ಶೇಖರಪ್ಪನನ್ನೂ ಅಲ್ಲಿಗೆ ಕರೆಸಿದ್ದ. ಅಷ್ಟರಲ್ಲಿ ಮಂಚ ಮಡಚಿ ಮರೆಮಾಡಿ, ಗೋಡೆಗೆ ಒಂದು ದೊಡ್ಡ ಕನ್ನಡಿ ತೂಗುಹಾಕಿ, ಅಂಕಿತಾಳ ಗೆಜ್ಜೆಗಳನ್ನು ಕಿಟಕಿಯಲ್ಲಿ ಇಟ್ಟಿದ್ದರು. ಇನ್‌ಸ್ಪೆಕ್ಟರು ಪೈಪುಗಳನ್ನು ಒಂದೊಂದಾಗಿ ಬೆರಳಿಂದ ಹಿಂಬಾಲಿಸಿದ. ಮನೆಗಳಲ್ಲಿ ಇಷ್ಟು ಒಳ್ಳೆಯ ಕೆಲಸ ನೋಡುವುದು ಅಪರೂಪ, ಇದನ್ನು ಮಾಡಿದವರು ಯಾರು ಎಂದು ಕೇಳಿದ. ನಾನೇ ಎಂದ ಶೇಖರಪ್ಪ.

"ಹಾಗಿದ್ದರೆ ಈ ನೋಟೀಸನ್ನು ಯಾಕೆ ಬರೆದಿರಿ?"

ಕಿರುದಾರಿಯಲ್ಲಿ ರುದ್ರೇಶ ಕೈಕಟ್ಟಿ ನಿಂತಿದ್ದ. ಅವನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ಪಾರ್ವತೆವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು. ಪ್ಲಾಸ್ಟರು ತೆಗೆದಿದ್ದರು, ಮುಂಗೈ ಸ್ವಲ್ಪ ಸೊಟ್ಟಗೆ ಕೂಡಿತ್ತು. ನಿಜ ಹೇಳಬೇಕೆಂದರೆ ಅವಳನ್ನು ತೋರಿಸಿ ಹೇಳಬೇಕು, ಆಗ ಅವಳ ವೀಸಾದ ಮಾತೂ ಬರುತ್ತದೆ.

"ನೋಡಿದ್ದು ತಪ್ಪಾಯಿತು," ಎಂದ ಶೇಖರಪ್ಪ.

"ನೀವು ನೋಡಿಯೇ ಇಲ್ಲ," ಎಂದ ಇನ್‌ಸ್ಪೆಕ್ಟರು. ಅದನ್ನು ಹೇಳುವಾಗ ಅವನಿಗೇ ಸಂಕೋಚವಾದಂತಿತ್ತು.

ನೋಂದಣಿಯವರು ಶೇಖರಪ್ಪನ ಕಾರ್ಡನ್ನು ಅಮಾನತು ಮಾಡಿದರು. ಆರು ತಿಂಗಳ ಬಳಿಕ ಮತ್ತೆ ಪರೀಕ್ಷೆ ಕಟ್ಟಿ ಅರ್ಜಿ ಹಾಕಬಹುದು ಎಂದು ಪತ್ರದಲ್ಲಿತ್ತು. ಸುದ್ದಿ ಪತ್ರಕ್ಕಿಂತ ಮೊದಲೇ ಮನೆಮನೆ ಮುಟ್ಟಿತು. ಕೆಲಸ ಹುಟ್ಟಿಸಿಕೊಳ್ಳಲು ಸುಳ್ಳು ರಿಪೇರಿ ಬರೆದನಂತೆ, ಎಲ್ಲರಿಗೂ ಕಾಯ್ದೆ ಹೇಳುತ್ತಿದ್ದವನು ಇವನೇ ನೋಡು ಎಂದು ಜನ ಆಡಿಕೊಂಡರು. ಕಿಂಡಿಯ ಪೇಪರು ಕೀಳಿಸಿಕೊಂಡಿದ್ದವರೆಲ್ಲ ಒಂದೊಂದು ಮಾತು ಸೇರಿಸಿದರು. ಕನ್ನಡ ಸಂಘದ ಊಟದಲ್ಲಿ ಅಂಬುಜಾಳ ಪಕ್ಕದ ಕುರ್ಚಿ ಖಾಲಿ ಉಳಿಯಿತು. ಅವಳು ಯಾರಿಗೂ ಏನೂ ವಿವರಿಸಲಿಲ್ಲ. ಗಂಡನಿಗೂ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು.

ಒಬ್ಬರಿಗಾದರೂ ನಿಜ ತಿಳಿಯಬೇಕು ಎಂದು ಅವನು ಒಂದು ಮಧ್ಯಾಹ್ನ ಅಂಕಿತಾಳ ಶಾಲೆಯ ಗೇಟಿನ ಬಳಿ ಹೋದ. ಮೂರು ಗಂಟೆಗೆ ಪಾರ್ವತೆವ್ವ ಮಗುವನ್ನು ಕರೆದೊಯ್ಯಲು ಬರುತ್ತಾಳೆಂದು ಗೊತ್ತಿತ್ತು. ಅವಳು ಬಂದಳು, ಅದೇ ಸ್ವೆಟರು, ತಲೆಯ ಮೇಲೆ ಉಣ್ಣೆಯ ಟೊಪ್ಪಿಗೆ. ಅವನನ್ನು ಕಂಡು ನಿಂತಳು.

"ಅಕ್ಕಾರ, ಆ ಚೀಟಿ ನಾ ನಿಮ್ಮ ಸಲುವಾಗಿ ಬರದಿದ್ದು," ಎಂದ. "ಗೀಸರಿಗೆ ಏನೂ ಆಗಿದ್ದಿಲ್ಲ. ನಿಮ್ಮನ್ನ ಒಳಗ ಕರಕೋಳ್ಳಿ ಅಂತ ಬರದೆ."

ಅವಳು ಗೇಟಿನ ಸಲಾಕೆ ಹಿಡಿದುಕೊಂಡಳು.

"ನಾ ಬರೀರಿ ಅಂದಿದ್ನೇನ್ರಿ?"

"ಇಲ್ಲ."

"ನನ್ನ ಕೇಳಿದ್ರೇನು?"

"ಇಲ್ರಿ."

"ಹುಟ್ಟಿದ ಮನ್ಯಾಗ ಎಂಟು ಮಂದಿ ನಡುವ ಮಲಗಿ ದೊಡ್ಡಾಕಿ ಆದ್ನಿ. ಗಂಡನ ಮನ್ಯಾಗ ಪಡಸಾಲಿ. ಅವರು ಹ್ವಾದ ಮ್ಯಾಲೆ ಮೈದುನನ ಮನ್ಯಾಗ ಅಡಗಿ ಮನಿ ಹೊಸ್ತಲದಾಗ. ಐವತ್ತಾರು ವರ್ಷಕ್ಕ ಮೊದಲನೇ ಸರ್ತಿ ಒಳಗಿನಿಂದ ಚಿಲಕಾ ಹಾಕ್ಕೊಂಡ ಮಲಗಿದ್ದು ಆ ಕೋಣ್ಯಾಗ. ಬೇಕಾದಾಗ ಏಳ್ತಿದ್ನಿ, ಪೂಜಿ ಮಾಡತಿದ್ನಿ, ಅಳೂವಂಗ ಆದ್ರ ಅಳತಿದ್ನಿ. ಯಾರೂ ಯಾಕ ಅಂತ ಕೇಳತಿದ್ದಿಲ್ಲ."

"ಬಕೆಟ್ಟು ಹೊತ್ತು ಕೈ ಮುರಕೊಂಡ್ರಲ್ರಿ."

"ಬಕೆಟ್ಟೇನ್ರಿ, ತೊಳದ್ರ ಹೋಗತಿತ್ತು. ಕೈ ಕೂಡತು." ಅವಳ ದನಿ ಏರಲಿಲ್ಲ. "ಒಳಗ ಬಂದ ಮ್ಯಾಲೆ ನಾ ಅವರ ಕಣ್ಣಿಗೆ ಬಿದ್ದೆ. ಐದಕ್ಕ ಎದ್ದರ ಗುರುದೇವಿಗೆ ನಿದ್ದಿ ಹಾಳು. ವಿಭೂತಿ ಉದರಿದ್ರ ಅವರ ಚಂದದ ನೆಲಹಾಸು ಹಾಳು. ಕೂಸಿನ ಗೆಳತ್ಯಾರು ಬಂದ್ರ ನಾ ಎಲ್ಲಿ ಕುಂಡರಲಿ? ಹತ್ತು ದಿನ ನೋಡಿದ್ರು. ಇನ್‌ಸ್ಪೆಕ್ಟರ್ ಬರ್ತಾನಂತ ಹಳೇ ಕೋಣಿಗೂ ತಿರುಗಿ ಬಿಡಲಿಲ್ಲ. ಅಂಕಿತಾ ದೊಡ್ಡಾಕಿ ಆಗ್ಯಾಳ, ಇನ್ನ ಕೀಲಿ ಕೊಟ್ರ ತಾನ ಬರ್ತಾಳ ಅಂದ್ರು. ಟಿಕೀಟ ತಗಸ್ಯಾರ. ಮುಂದಿನ ತಿಂಗಳ ಹೋಗೂದು."

"ಎಲ್ಲಿಗೆ?"

"ಮತ್ತೆಲ್ಲಿಗಿ? ಮೈದುನನ ಮನೀಗೆ."

ಶಾಲೆಯ ಗಂಟೆ ಹೊಡೆಯಿತು. ಮಕ್ಕಳು ಒಂದೇ ಸಲ ಹೊರಗೆ ನುಗ್ಗಿದರು. ಶೇಖರಪ್ಪ ಅವಸರದಲ್ಲಿ, "ನಮ್ಮ ಮನಿ ಐತ್ರಿ. ಎರಡು ಕೋಣಿ ಅದಾವ. ಅಂಬುಜಾಗ ಹೇಳತೀನಿ," ಎಂದ. ಹೇಳುವಾಗಲೇ ಎರಡನೇ ಕೋಣೆಯ ನೆನಪಾಯಿತು: ನೆಲದಿಂದ ಸೂರಿನವರೆಗೆ ತಾಮ್ರದ ಪೈಪು, ವಾಲ್ವು, ಹಳೆಯ ಬಾಯ್ಲರಿನ ಬಿಡಿಭಾಗ. ವರ್ಷಕ್ಕೂ ಮೇಲೆ ಅವನು ಇನ್ನೊಬ್ಬರ ಮನೆಯ ಕೋಣೆಗಳನ್ನು ಎಣಿಸಿದ್ದ. ತನ್ನದು ಲೆಕ್ಕಕ್ಕೇ ಬಂದಿರಲಿಲ್ಲ.

ಪಾರ್ವತೆವ್ವ ಅವನನ್ನು ನೋಡಿದಳು. "ವರ್ಷದ ಮ್ಯಾಲಾತು ನೀವು ನನ್ನ ನೋಡಿ. ನನ್ನ ಕೈಯಾಗಿನ ರೊಟ್ಟಿ ತಿಂದೀರಿ. ಒಂದಿನಾ ಬಂದು ನಮ್ಮ ಮನ್ಯಾಗ ಉಂಡ ಹೋಗ್ರಿ ಅಂದೀರೇನು?"

ಅಂಕಿತಾ ಓಡಿ ಬಂದು ಚೀಲವನ್ನು ಅವಳ ಕೈಗೆ ಕೊಟ್ಟಳು. ಪಾರ್ವತೆವ್ವ ಅದನ್ನು ಒಳ್ಳೆಯ ಕೈಗೆ ಬದಲಿಸಿಕೊಂಡು ಮಗುವಿನ ಜೊತೆ ನಡೆದಳು. ರಸ್ತೆ ದಾಟುವ ಮುನ್ನ ಒಮ್ಮೆ ತಿರುಗಿದಳು. ವಾಹನ ಬರುತ್ತಿದೆಯೇ ಎಂದು ನೋಡಲು.

ಮಾರ್ಚಿನಲ್ಲಿ ಅವಳು ಹೋದಳು. ಮರುವರ್ಷ ಅಂಬುಜಾ ತವರಿಗೆ ಹೋದಾಗ ವಿಜಯಪುರದಿಂದ ಬಸ್ಸು ಹಿಡಿದು ತಾಳಿಕೋಟೆಗೂ ಹೋಗಿ ಬಂದಳು. ಹೊಸ್ತಿಲ ಬಳಿಯ ಜಾಗದಲ್ಲಿ ಈಗ ಮೈದುನನ ಸೊಸೆಯ ಹೊಲಿಗೆ ಯಂತ್ರವಿತ್ತಂತೆ. ಪಾರ್ವತೆವ್ವ ಹಿತ್ತಲ ತಗಡಿನ ಕೆಳಗೆ, ಕಟ್ಟಿಗೆ ಒಟ್ಟುವ ಕಡೆ ಮಲಗುತ್ತಿದ್ದಳಂತೆ. ಸೊಟ್ಟಗಿದ್ದ ಕೈಯಿಂದ ರೊಟ್ಟಿ ಬಡಿಯಲು ಆಗುತ್ತಿರಲಿಲ್ಲವಂತೆ. ಅದಕ್ಕೆ ಮನೆಯವರು ಮಾತು ಆಡುತ್ತಿದ್ದರಂತೆ. ಅಂಬುಜಾ ಒಂದು ಶಾಲು ಕೊಟ್ಟು ಬಂದಿದ್ದಳು. ನನ್ನ ಬಗ್ಗೆ ಏನಾದರೂ ಅಂದಳೇ ಎಂದು ಶೇಖರಪ್ಪ ಕೇಳಿದ. ಇಲ್ಲ ಎಂದಳು ಅಂಬುಜಾ. ಅಂಬುಜಾ ಮುಚ್ಚಿಡುತ್ತಿದ್ದಾಳೋ, ಪಾರ್ವತೆವ್ವ ನಿಜವಾಗಿಯೇ ಏನೂ ಅನ್ನಲಿಲ್ಲವೋ, ಅವನು ಮತ್ತೆ ಕೇಳಲಿಲ್ಲ.

ಅವನು ಪುನಃ ಅರ್ಜಿ ಹಾಕಲಿಲ್ಲ. ಫೆಲ್ಟಮ್ಮಿನಲ್ಲಿ ಪ್ಲಂಬರುಗಳಿಗೆ ಸಾಮಾನು ಮಾರುವ ಅಂಗಡಿಯ ಕೌಂಟರಿನಲ್ಲಿ ನಿಂತ. ಬೆಳಗ್ಗೆ ಏಳರಿಂದ ನಾಲ್ಕರವರೆಗೆ ತೊಟ್ಟಿಯ ಬಿರಡೆ, ನಲ್ಲಿಯ ವಾಷರು, ಪೈಪಿನ ತುಂಡು. ಮೊದಲು ಅವನಿಂದ ಕೆಲಸ ಕಲಿತ ಇಬ್ಬರು ಪಂಜಾಬಿ ಹುಡುಗರು ಈಗ ಅವನ ಗಿರಾಕಿಗಳು, ಮಾತಿಗೆ ನಿಲ್ಲುತ್ತಿರಲಿಲ್ಲ. ಎರಡನೇ ಕೋಣೆಯ ಸಾಮಾನನ್ನು ಒಂದು ಭಾನುವಾರ ವ್ಯಾನಿಗೆ ತುಂಬಿ ಗುಜರಿಗೆ ಹಾಕಿದ. ಕೋಣೆ ಖಾಲಿ ಬಿತ್ತು. ಅದನ್ನು ಏನು ಮಾಡುವುದೆಂದು ಗಂಡ ಹೆಂಡತಿಗೆ ತಿಳಿಯಲಿಲ್ಲ.

ಎರಡು ಸಾವಿರದ ನಾಲ್ಕರ ಅಕ್ಟೋಬರಿನಲ್ಲಿ ಕೌಂಟರಿಗೆ ಒಬ್ಬ ತರುಣ ಬಂದ. ಕೋಟು, ಕುತ್ತಿಗೆಗೆ ತೂಗಿದ ಆಫೀಸಿನ ಗುರುತಿನ ಚೀಟಿ. ಫೋನಿನಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದ. ಶೇಖರಪ್ಪನ ಎದೆಯ ಮೇಲಿನ ಹೆಸರು ಓದಿ ನಕ್ಕ.

"ನಮ್ಮವರೇನಾ ಸಾರ್? ನಾನು ಉಮಾಶಂಕರ, ಬೆಂಗಳೂರು. ಕ್ಯಾನರಿ ವಾರ್ಫ್‌ನಲ್ಲಿ ಬ್ಯಾಂಕಿನ ಸಾಫ್ಟ್‌ವೇರ್ ಕೆಲಸ." ಕಾಗದದಲ್ಲಿ ಬರೆದುಕೊಂಡ ಗೀಸರಿನ ಹೆಸರು, ಸಂಖ್ಯೆ ತೋರಿಸಿದ. "ಇದರ ಬಿಸಿ ಹೆಚ್ಚುಕಡಿಮೆ ಮಾಡೋ ಗುಂಡಿ ಒಡೆದಿದೆ. ಸಿಗತ್ತಾ?"

ಶೇಖರಪ್ಪ ಸಂಖ್ಯೆ ಓದಿದ. "ಎಲ್ಲಿದೆ ಇದು?" ಎಂದು ಕೇಳಿದ.

"ಹೌನ್ಸ್ಲೋ ವೆಸ್ಟ್. ನಮ್ಮ ಕಡೆಯವರದ್ದೇ ಮನೆ, ಗ್ಯಾರೇಜನ್ನ ಸ್ಟುಡಿಯೋ ಮಾಡಿದ್ದಾರೆ. ತುಂಬಾ ಆರಾಮಾಗಿದೆ ಸಾರ್. 'ಇನ್‌ಸ್ಪೆಕ್ಟರೇ ಬಂದು ನೋಡಿ ಹೊಗಳಿದ್ದಾರೆ' ಅಂತ ಓನರ್ ಹೇಳ್ತಾರೆ. ನಾನು ಬರೋ ಮುಂಚೆ ಮೂಲೇಲಿ ಒಂದು ಟಾಯ್ಲೆಟ್, ಶವರ್ ಕೂಡ ಹಾಕ್ಸಿಕೊಟ್ರು."

"ಟಾಯ್ಲೆಟ್."

"ಹೌದು ಸಾರ್. ಅದಿಲ್ದೆ ಯಾರು ಇರ್ತಾರೆ ಹೇಳಿ."

ಶೇಖರಪ್ಪ ಒಳಗೆ ಹೋದ. ಸಾಲು ಸಾಲು ಡಬ್ಬಿಗಳ ನಡುವೆ ಆ ಗುಂಡಿ ಎಲ್ಲಿದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೊರಗೆ ಬಂದು ಅದನ್ನು ಕೌಂಟರಿನ ಮೇಲಿಟ್ಟ. ಪಕ್ಕದಲ್ಲಿ ಒಂದು ಅಲಾರಮ್ಮಿನ ಪೆಟ್ಟಿಗೆಯನ್ನೂ ಇಟ್ಟ.

"ಗೋಡೆ ಮೇಲಿರೋ ಅಲಾರಮ್‌ಗೆ ಐದು ವರ್ಷ ಆಯ್ತು. ಬದಲಾಯಿಸಿ. ಹಳೇದನ್ನ ನಂಬಬೇಡಿ."

"ಐದು ವರ್ಷ ಅಂತ ನಿಮಗೆ ಹೇಗೆ ಗೊತ್ತು ಸಾರ್?"

"ಆ ಗೀಸರ್ ಮಾಡೆಲ್ ಬಂದಿದ್ದೇ ಆಗ. ಗೀಸರ್ ಮುಚ್ಚಳ ನೀವೇ ಬಿಚ್ಚೋಕೆ ಹೋಗಬೇಡಿ. ಕಾರ್ಡ್ ಇರೋರನ್ನ ಕರೆಸಿ."

"ನೀವೇ ಬಂದು ಹಾಕಿಕೊಡ್ತೀರಾ? ಭಾನುವಾರ ಆದ್ರೂ ಪರವಾಗಿಲ್ಲ."

"ನನ್ನ ಹತ್ರ ಕಾರ್ಡ್ ಇಲ್ಲ," ಎಂದು ಶೇಖರಪ್ಪ ರಸೀದಿ ಹರಿದು ಕೊಟ್ಟ. ತರುಣನ ಹಿಂದೆ ನಿಂತಿದ್ದ ಗಿರಾಕಿ ಅರ್ಧ ಇಂಚಿನ ಮೊಣಕೈ ಪೈಪು ಹನ್ನೆರಡು ಬೇಕು ಎಂದ. ಶೇಖರಪ್ಪ ಎಣಿಸತೊಡಗಿದ.